ಎಂದಿನವರೆಗೆ

ಬೈತಖೋಲ ಬಂದರು, ಐಸ್ ಫ್ಯಾಕ್ಟರಿಯ ಮೇಲಿನ ಕೋಣೆ.
ಕೆಳಗೆ ಮಂಜುಗಡ್ಡೆ ಪುಡಿಯಾಗುವ ಸದ್ದಿಗೆ
ಕೀಬೋರ್ಡು ಸಣ್ಣಗೆ ನಡುಗುತ್ತದೆ.
ಸಂಘದ ಸೆಕ್ರೆಟರಿ ಉಲ್ಲಾಸ ತಾಂಡೇಲರಿಗೆ
ಹತ್ತು ವರ್ಷದ ಕ್ಯಾಲೆಂಡರು ಬೇಕು,
ಅದೂ ಚೌತಿಯೊಳಗೆ.

ಮೊದಲ ಸಲ ಪೆದ್ದಿಯ ಹಾಗೆ
ಸೋಮವಾರಗಳನ್ನೆಲ್ಲ ಒಂದೊಂದಾಗಿ ಬರೆದಿಟ್ಟೆ.
ಸದಸ್ಯರು ಮುನ್ನೂರ ಹನ್ನೆರಡು,
ತಲೆಗೆ ಐನೂರ ಇಪ್ಪತ್ತು ಕಂತು,
ಒಂದು ಲಕ್ಷ ಅರವತ್ತೆರಡು ಸಾವಿರ ಚಿಲ್ಲರೆ ಸಾಲು.
ಇನ್ನೂ ಹುಟ್ಟದ ದಿನಗಳನ್ನು
ಬಂಗಡೆ ಒಣಹಾಕಿದಂತೆ ಹರವಿ ಕೂತೆ.
ಆಮೇಲೆ ಕಮಿಟಿ ಸೇರಿತು, ಚಹಾ ಕುಡಿಯಿತು,
ಕಂತಿನ ವೇಳೆ ಹತ್ತಲ್ಲ, ಹನ್ನೊಂದೂವರೆ
ಅಂತ ಠರಾವು ಮಾಡಿ ಎದ್ದಿತು.

ಅವತ್ತು ರಾತ್ರಿ ಅಷ್ಟನ್ನೂ ಅಳಿಸಿ
ತಲೆಗೊಂದೇ ಸಾಲು ಬರೆದೆ:
ವಾರಕ್ಕೊಮ್ಮೆ. ಸೋಮವಾರ. ಹನ್ನೊಂದೂವರೆ.
ಎಂದಿನಿಂದ: ಇಂಥ ತಾರೀಕು.
ಎಂದಿನವರೆಗೆ: ಖಾಲಿ.

ಖಾಲಿ ಅಂದರೆ ಸೊನ್ನೆಯಲ್ಲ.
ಗೊತ್ತಿಲ್ಲ, ಕೇಳಬೇಡ ಅಂತ.

ಇಡುವುದು ಸುಲಭವಾಯಿತು, ಕೇಳುವುದು ಕಷ್ಟ.
ಬರುವ ವಾರ ಏನೇನಿದೆ ಎಂದರೆ
ಆ ವಾರ ಮುಗಿಯುವುದರೊಳಗೆ ಶುರುವಾದವು,
ಆ ವಾರ ಶುರುವಾಗುವ ಮುಂಚೆ ಮುಗಿಯದವು,
ಎರಡಕ್ಕೂ ಹೌದೆನ್ನುವ ನಿಯಮಗಳನ್ನಷ್ಟೇ ಕರೆದು
ಹೊಟ್ಟೆ ಸೀಳಿ, ತತ್ತಿ ಒಡೆಯದ ಹಾಗೆ,
ಬೇಕಾದಷ್ಟೇ ದಿನ ಹೊರಗೆ ತೆಗೆಯಬೇಕು.
ಎಲ್ಲ ತೋರಿಸು ಎಂದಿರೋ,
ಬೆಳಕು ಹರಿದರೂ ಯಂತ್ರ ಎಣಿಸುತ್ತಲೇ ಇರುತ್ತದೆ.

ತಕರಾರುಗಳೂ ಬಂದವು.
ಜೂನ್ ಜುಲೈ ಬೋಟು ಇಳಿಯುವಂತಿಲ್ಲ, ಕಂತಿಗೂ ಬಿಡುವು.
ಐಸಿನ ಬಿಲ್ಲು ತಿಂಗಳ ಮೂವತ್ತೊಂದಕ್ಕೆ;
ಮೂವತ್ತೊಂದೇ ಇಲ್ಲದ ಐದು ತಿಂಗಳು
ನಮ್ಮ ಗತಿಯೇನು ಅಂತ ಸಾಲಾಗಿ ಬಂದು ನಿಂತವು.
ಭರತಿ ಇಳಿತ ಯಾವ ನಿಯಮಕ್ಕೂ ಒಗ್ಗಲಿಲ್ಲ.
ದಿನಾ ಮುಕ್ಕಾಲು ಗಂಟೆ, ಮೇಲಿಷ್ಟು,
ಜಾರಿ ಜಾರಿ ರಾತ್ರಿಗೆ ಹೋಗಿ ಕೂರುತ್ತವೆ.
ಅವನ್ನು ಮಾತ್ರ ಪಟ್ಟಿ ನೋಡಿ ಒಂದೊಂದಾಗಿ ಬರೆದೆ.
ಚಂದ್ರನ ಹತ್ತಿರ ನನ್ನ ಮಾತು ನಡೆಯುವುದಿಲ್ಲ.

ಸೋಮವಾರ. ಅರ್ಧ ಊರು ಮೀನು ಮುಟ್ಟದ ದಿನ.
ಬುಟ್ಟಿ ಬೇಗ ಕವುಚಿಟ್ಟು
ಗುಲಾಬಿ ಹರಿಕಂತ್ರ ಮೆಟ್ಟಿಲು ಹತ್ತಿ ಬಂದಳು.
ಸೆರಗಿನ ಗಂಟಲ್ಲಿ ಒದ್ದೆ ನೋಟು, ಇನ್ನೂರು.
“ನಂದು ಎಷ್ಟು ಸೋಮವಾರ ಬರಕೊಂಡೀದೆ ತಂಗೀ?”
“ಒಂದು.”
“ಹತ್ತು ವರ್ಷಕ್ಕೆ ಒಂದೇ?”
“ಒಂದೇ ಸಾಲು. ಉಳಿದದ್ದು ಕೇಳಿದಾಗ ಹುಟ್ಟುತ್ತದೆ.”
“ಸಾಲು ಒಂದೇಯಾ,” ನಕ್ಕಳು,
“ಸಾಲ ಮಾತ್ರ ಹಂಗೇ ಅದೆ ನೋಡು.”
ಆಮೇಲೆ, ಪರೀಕ್ಷೆ ಮಾಡುವವಳ ಹಾಗೆ:
“ಹೋದ ಸೋಮವಾರ ನಾ ಬಂದಿದ್ನಾ?”

ಒತ್ತಿದೆ. ಪರದೆ ಹೇಳಿತು:
ಸೋಮವಾರ, ಹನ್ನೊಂದೂವರೆ, ಗುಲಾಬಿ.
“ಸುಳ್ಳು,” ಅಂದಳು, ಕೈ ಮುಂದೆ ಮಾಡಿ.
ಏಡಿ ಕಚ್ಚಿದ ಹೆಬ್ಬೆರಳಿಗೆ ಇನ್ನೂ ಬಟ್ಟೆ.
ಅವತ್ತು ಅವಳು ಕೋಡಿಬಾಗದ ದವಾಖಾನೆಯಲ್ಲಿದ್ದಳು.

ಮಧ್ಯಾಹ್ನ ಮಾರ್ಕೆಟ್ಟಿಗೆ ಕರೆದೊಯ್ದಳು.
ಅವಳು ಕೂರುವ ಜಾಗದ ಹಿಂದೊಂದು ಕಂಬ,
ಮೈತುಂಬ ಸುಣ್ಣದ ಗೀಟು,
ಕಟ್ಟಿದ ಕಂತಿಗೆ ಒಂದು, ಮೇಲಿಂದ ಕೆಳಕ್ಕೆ.
ನಡುನಡುವೆ ಬೆರಳಗಲ ಬಿಟ್ಟ ಜಾಗ.
“ಇದು ಮಗಳ ಬಾಣಂತನ. ಇದು ಗಾಳಿಮಳೆ.
ಇದು... ಏನೋ. ಮನಸ್ಸಿರಲಿಲ್ಲ.”

ನನ್ನ ನಿಯಮಕ್ಕೆ ಗೊತ್ತಿರುವುದು ಬರಬೇಕಾದವಳು.
ಕಂಬಕ್ಕೆ ಗೊತ್ತಿರುವುದು ಬಂದವಳು.

ಸಂಜೆ ಇನ್ನೊಂದು ಟೇಬಲ್ ಮಾಡಿದೆ,
ಹೆಸರು: ನಡೆದದ್ದು.
ಮೆಟ್ಟಿಲ ಮೇಲೆ ಕಾಲು ಬಿದ್ದ ಮೇಲೇ
ಅದರಲ್ಲಿ ಒಂದು ಸಾಲು.
ತಾಂಡೇಲರು, ಇದಕ್ಕೆ ಬೇರೆ ಬಿಲ್ಲಿಲ್ಲ ತಾನೆ, ಅಂದರು.

ಅದಿರಲಿ. ಕಂಬದ ಹತ್ತಿರ ನಿಂತಾಗ
ಕೇಳಿಯೇಬಿಟ್ಟಿದ್ದೆ ಅವಳನ್ನು:
ಎಂದಿನವರೆಗೆ ಅನ್ನೋ ಕಡೆ ಏನು ಬರೆಯಲಿ?
ಕೊನೆಯ ಗೀಟಿನಿಂದ ನೆಲದ ತನಕ
ಗೇಣು ಹಾಕಿ ಅಳೆದಳು. ಎರಡೂವರೆ.
“ನೆಲ ಮುಟ್ಟೂತನಕ,” ಅಂದಳು.
ಬುಟ್ಟಿ ಎತ್ತಿ ಹೊರಟವಳು ತಿರುಗಿ,
“ಆಮೇಲೆ ಆಚೆ ಮೈ ಅದೆಯಲ್ಲ.”